ಇವರು ಶನಿವಾರ ಕೂರುತ್ತಿದ್ದ ಜಾಗ

ನ್ಯೂಟೌನ್, ಭದ್ರಾವತಿ
೧೮–೧೧–೨೦೦೧

ಪ್ರೀತಿಯ ವಿಮಲಾ,

ನಿನ್ನ ಎರಡು ಕಾಗದ ಬಂದು ಮೂರು ತಿಂಗಳಾಯಿತು. ಬೈದುಕೋ, ಆದರೆ ಮುನಿಸಿಕೊಳ್ಳಬೇಡ. ಇವರು ತೀರಿಕೊಂಡ ಮೇಲೆ ಬಂದ ಕಾಗದಗಳಿಗೆಲ್ಲ ‘ನಿಮ್ಮ ಸಾಂತ್ವನಕ್ಕೆ ಋಣಿ’ ಅಂತ ಒಂದೇ ಸಾಲು ಬರೆದು ಹಾಕಿದೆ. ನಿನಗೆ ಹಾಗೆ ಬರೆಯಲು ಕೈ ಬರಲಿಲ್ಲ. ರಾಯಚೂರಿನಲ್ಲಿ ಎಲ್ಲರೂ ಕ್ಷೇಮ ತಾನೇ? ನಿನ್ನ ಅತ್ತೆಯ ಮಂಡಿನೋವು ಹೇಗಿದೆ?

ನಾನು ಇದ್ದೇನೆ. ಬೆಳಿಗ್ಗೆ ಶಂಕರಘಟ್ಟದ ಬಸ್ಸು, ಯೂನಿವರ್ಸಿಟಿ ಲೈಬ್ರರಿಯ ಕೆಲಸ, ಸಂಜೆ ಅದೇ ಬಸ್ಸು. ಮಾರ್ಚಿನೊಳಗೆ ಕಾರ್ಖಾನೆಯ ಈ ಕ್ವಾರ್ಟರ್ಸ್ ಬಿಡಬೇಕು. ಅಕ್ಕಿ ಎಷ್ಟು ಕಡಿಮೆ ಹಾಕಿದರೂ ಅನ್ನ ಮಿಗುತ್ತದೆ.

ಈಗ ಒಂದು ಮಾತು, ನಗಬೇಡ. ಡಿಸೆಂಬರ್ ಹದಿನಾಲ್ಕಕ್ಕೆ ಶಿವಮೊಗ್ಗದ ವಿದ್ಯಾನಗರದಲ್ಲಿ ನಿನ್ನ ತಮ್ಮನ ಮನೆ ಗೃಹಪ್ರವೇಶಕ್ಕೆ ಬರುತ್ತೀಯಲ್ಲ, ಮಾರನೆಯ ದಿನ ಶನಿವಾರ ಸಂಜೆ ನನಗೆ ಕೊಡು. ನಾವಿಬ್ಬರೂ ಬಾರಿಗೆ ಹೋಗೋಣ. ಒಂದಲ್ಲ, ಮೂರು.

ತಲೆ ಕೆಟ್ಟಿಲ್ಲ ಮಾರಾಯ್ತಿ. ಇವರು ದಿನಾ ಆರೂವರೆಗೆ ಹೋಗಿ ಒಂಬತ್ತಕ್ಕೆ ಬರುತ್ತಿದ್ದುದು ನಿನಗೆ ಗೊತ್ತು. ಬಂದು ಉಂಡು ಮಲಗುವುದು. ‘ಸಾರು ಸಾಕು’, ‘ಲೈಟ್ ಆರಿಸು’, ಇಷ್ಟೇ ಮಾತು. ಗಲಾಟೆ ಮಾಡಿದವರಲ್ಲ, ಕೈಯೆತ್ತಿದವರಲ್ಲ. ಹಾಗಾಗಿ ಯಾರ ಹತ್ತಿರವಾದರೂ ದೂರು ಹೇಳಿಕೊಳ್ಳುವುದಕ್ಕೂ ನನ್ನಲ್ಲಿ ಏನೂ ಇರಲಿಲ್ಲ. ಹನ್ನೊಂದನೆಯ ದಿನ ಇವರ ಜೊತೆ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಕಲ್ಲಪ್ಪ ಬಂದಿದ್ದರು. ಊಟ ಮುಗಿಸಿ ಕೈ ತೊಳೆಯುತ್ತಾ ಅತ್ತೇಬಿಟ್ಟರು. “ಅತ್ಗೆಮ್ಮಾ, ಬಾರಲ್ಲಿ ನಗ್ಸೋರೇ ಇಲ್ದಂಗಾಯ್ತು. ಶಿವಯೋಗಪ್ಪ ನಮ್ ಫೋರ್‌ಮನ್ ತರ ನಡೆದು ತೋರ್ಸಿದ್ರೆ ಗಲ್ಲಾದಲ್ಲಿ ಕೂತೋನೂ ಎದ್ದು ನಿಂತು ನಗ್ತಿದ್ದ” ಅಂದರು. ಯಾರ ಗಂಡನ ಬಗ್ಗೆ ಹೇಳುತ್ತಿದ್ದಾರೆ ಅಂತ ನಾನು ಸುತ್ತ ನೋಡಿದೆ, ವಿಮಲಾ.

ಆ ನಗಿಸುವ ಮನುಷ್ಯ ಕೂರುತ್ತಿದ್ದ ಜಾಗಗಳನ್ನಾದರೂ ನೋಡಬೇಕು ಅನ್ನಿಸಿದೆ. ಕಲ್ಲಪ್ಪನವರಿಂದ ಎಲ್ಲ ಕೇಳಿ ತಿಳಿದುಕೊಂಡಿದ್ದೇನೆ. ಮೊದಲನೆಯದು ಕಾರ್ಖಾನೆ ಗೇಟಿನ ಹತ್ತಿರದ್ದು. ಅದರ ಯಜಮಾನ ತಮಿಳರ ಮುದುಕ, ನೈಟ್ ಶಿಫ್ಟ್ ಇರುವವರಿಗೆ ಎರಡನೇ ಪೆಗ್ ಕೊಡದೆ ಬೈದು ಕಳಿಸುತ್ತಾನಂತೆ. ಎರಡನೆಯದು ಇಲ್ಲೇ ಹೊಸಮನೆ ಬಡಾವಣೆಯಲ್ಲಿ, ಅಲ್ಲಿ ಕುಡಿಯುವುದಕ್ಕಿಂತ ಕೇರಂ ಆಡುವವರೇ ಜಾಸ್ತಿಯಂತೆ. ಮೂರನೆಯದು ಶಿವಮೊಗ್ಗದಲ್ಲಿ, ಬಸ್‌ಸ್ಟ್ಯಾಂಡ್ ಹಿಂದೆ ಮಹಡಿ ಮೇಲೆ. “ಶನಿವಾರ ಅಲ್ಲಿಗೆ ಒಬ್ನೇ ಹೋಗ್ತಿದ್ದ. ನಮ್ಮನ್ನ ಕರೀತಾನೇ ಇರ್ಲಿಲ್ಲ” ಅಂದರು ಕಲ್ಲಪ್ಪ. ಹೆಂಗಸರಿಗೆ ಪರದೆ ಹಾಕಿದ ಫ್ಯಾಮಿಲಿ ರೂಮ್ ಇರುತ್ತದಂತೆ, ಹೆದರಬೇಡ. ನಾನು ಲಿಮ್ಕಾ ಕುಡಿಯುತ್ತೇನೆ, ನಿನಗೆ ಏನು ಬೇಕೋ ಹೇಳು. ಎಂಟೂವರೆಯೊಳಗೆ ನಿನ್ನನ್ನು ವಿದ್ಯಾನಗರಕ್ಕೆ ಬಿಡುವ ಜವಾಬ್ದಾರಿ ನನ್ನದು.

ಮಗಳು ದಿವ್ಯಶ್ರೀಯ ಪರೀಕ್ಷೆ ಚೆನ್ನಾಗಾಗಲಿ. ಬರುತ್ತೀಯಲ್ಲ?

ನಿನ್ನ
ಶಂಕರಮ್ಮ


ನ್ಯೂಟೌನ್, ಭದ್ರಾವತಿ
೧೭–೧೨–೨೦೦೧

ಪ್ರೀತಿಯ ವಿಮಲಾ,

ಫೋನಿನಲ್ಲಿ ಅಷ್ಟು ಸಲ ತಪ್ಪಾಯಿತು ಅಂದೆಯಲ್ಲ, ಏನಿತ್ತು ಅಂಥದ್ದು? ಅತ್ತೆ ಬಿದ್ದು ಸೊಂಟ ಮುರಿದುಕೊಂಡಿರುವಾಗ ಯಾರು ತಾನೇ ಹೊರಟು ಬರುತ್ತಾರೆ? ಅವರನ್ನು ಚೆನ್ನಾಗಿ ನೋಡಿಕೋ. ನಾನು ಒಬ್ಬಳೇ ಹೋಗಿಬಂದೆ.

ಗೇಟಿನ ಬಾರಿನ ಮುಂದೆ ಎರಡು ಸಲ ಅತ್ತಿಂದಿತ್ತ ನಡೆದೆ. ಗುರುತಿನವರೊಬ್ಬರು “ಏನ್ ಬೇಕಿತ್ತು ಮೇಡಂ?” ಅಂದರು. ಪಕ್ಕದ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡು ತಿರುಗಿದೆ. ಹೊಸಮನೆಯದಕ್ಕಂತೂ ಧೈರ್ಯವೇ ಬರಲಿಲ್ಲ. ಸೀದಾ ಶಿವಮೊಗ್ಗದ ಬಸ್ಸು ಹತ್ತಿದೆ, ಅಲ್ಲಿ ನನ್ನನ್ನು ಬಲ್ಲವರಿಲ್ಲವಲ್ಲ.

ಮೆಟ್ಟಿಲು ಹತ್ತಿದರೆ ಗೋಡೆಗೆ ಒಂದು ಮೀನಿನ ತೊಟ್ಟಿ. ಮೀನು ಎರಡೇ. ಸಪ್ಲೈಯರ್‌ನ ಹೆಸರು ಹುಲಿಯಪ್ಪ, ನಮ್ಮ ವಯಸ್ಸಿನವನೇ. ಏನೂ ಕೇಳದೆ ಫ್ಯಾಮಿಲಿ ರೂಮಿನ ಫ್ಯಾನು ಹಾಕಿ ಕೂರಿಸಿದ. ಭದ್ರಾವತಿಯಿಂದ ಶನಿವಾರ ಒಬ್ಬರು ಬರುತ್ತಿದ್ದರಲ್ಲ, ಎತ್ತರದವರು ಅಂದೆ.

“ಶಿವಯೋಗಪ್ನೋರಾ? ಕಾಣ್ದೆ ಬಾಳ ದಿನ ಆಯ್ತು. ಹುಷಾರಿದಾರಾ?”

ಹೇಳಿದೆ. ಅವನು ಬಟ್ಟೆ ಹೆಗಲಿಗೆ ಹಾಕಿಕೊಂಡು ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟ. “ಅವ್ರು ತಮಗೆ ಏನಾಗ್ಬೇಕಿತ್ತು?” ಅಂದ.

“ದೂರದ ಸಂಬಂಧ” ಅಂದೆ. ಆ ಮಾತು ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ.

ಪರದೆ ಸರಿಸಿ, ಹೊರಗೆ ಇವರು ಕೂರುತ್ತಿದ್ದ ಮೂಲೆಯ ಟೇಬಲ್ ತೋರಿಸಿದ. “ಇಲ್ಲಿ ಯಾರನ್ನೂ ಮಾತಾಡಿಸ್ತಿರ್ಲಿಲ್ಲ ಮೇಡಂ. ಸುಮ್ನೆ ಕೂತು, ಒಂದ್ ಎಗ್ ಬುರ್ಜಿ ತಿಂದು ಹೋಗೋರು” ಅಂದ. ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದವರು! ನಾನೂ ಅದನ್ನೇ ತರಲು ಹೇಳಿದೆ. ಹುಟ್ಟಿದ್ದು ಮೊದಲಾಗಿ ಮೊಟ್ಟೆ ತಿಂದವಳಲ್ಲ, ಹೊರಗೆ ಹೋಗಿ ಇವರ ಕುರ್ಚಿಯಲ್ಲೇ ಕೂತು ತಟ್ಟೆ ಖಾಲಿ ಮಾಡಿದೆ. ಉಪ್ಪು ಸ್ವಲ್ಪ ಜಾಸ್ತಿಯಿತ್ತು. ಏಳೂಕಾಲಿನ ಬಸ್ಸಿಗೆ ಹುಲಿಯಪ್ಪನೇ ಬಂದು ಹತ್ತಿಸಿ ಹೋದ.

ನಿನ್ನ ಅತ್ತೆ ಬೇಗ ಎದ್ದು ಓಡಾಡುವಂತಾಗಲಿ. ನಿನ್ನ ಮಕ್ಕಳನ್ನು ಶಿವ ತಣ್ಣಗಿಟ್ಟಿರಲಿ.

ನಿನ್ನ
ಶಂಕರಮ್ಮ

ತಾ.ಕ.: ಬರೆಯಲು ಮರೆತೆ ಅಂದರೆ ಸುಳ್ಳಾಗುತ್ತದೆ. ಹುಲಿಯಪ್ಪ ಇನ್ನೊಂದು ಮಾತು ಹೇಳಿದ. “ಪಾಪ, ಹೆಂಡ್ತಿ ಮೇಲೆ ಜೀವಾನೇ ಇಟ್ಕೊಂಡಿದ್ರು. ಒಂದೇ ಒಂದ್ಸಲ ಅವ್ರೇ ಹೇಳಿದ್ರು, ಚೊಚ್ಚಲ ಹೆರಿಗೇಲಿ ತೀರ್ಕೊಂಡ್ರಂತೆ. ಮಗೂನೂ ಉಳೀಲಿಲ್ವಂತೆ. ಆಮೇಲೆ ಮದ್ವೇನೇ ಆಗ್ಲಿಲ್ಲ ನೋಡಿ ಅವ್ರು” ಅಂದ. ನಾನು ಹೌದು ಅಂತ ತಲೆಯಾಡಿಸಿದೆ.

ಮಗು ಹೋದದ್ದು ನಿನಗೆ ಗೊತ್ತು, ಆಗ ನೀನೇ ಬಂದು ಜೊತೆಗಿದ್ದೆ. ನೀನು ಹೊರಟ ಮೇಲಿನದನ್ನು ನಾನು ಯಾರಿಗೂ ಹೇಳಿಲ್ಲ. ಆವತ್ತು ಸಂಜೆ ಇವರು ನನ್ನ ಹಾಸಿಗೆಯ ಪಕ್ಕ ಕೂತು, ನನ್ನ ಪಾದ ಹಿಡಿದುಕೊಂಡು, ಮಗುವಿಗೆ ಇಡಬೇಕೆಂದಿದ್ದ ಹೆಸರು ಹೇಳಿಕೊಂಡು ಅಳುತ್ತಿದ್ದರು. ನಾನು ಕಾಲು ಎಳೆದುಕೊಂಡು ಗೋಡೆಯ ಕಡೆ ತಿರುಗಿದೆ. ‘ಇನ್ನು ನನ್ನ ಹತ್ತಿರ ಮಾತಾಡಬೇಡಿ’ ಅಂದೆ. ಆ ಹೊತ್ತಿನ ಸಂಕಟಕ್ಕೆ ಅಂದ ಮಾತು, ವಿಮಲಾ. ಇವರು ಅದನ್ನೇ ಇಪ್ಪತ್ತೆರಡು ವರ್ಷ ನಡೆಸಿದರು. ಮಾತಾಡಿ ಅಂತ ನಾನೂ ಒಂದು ದಿನ ಕೇಳಲಿಲ್ಲ.