ಕೆಂಪು ಬಕೆಟ್ಟಿನ ಮೂಳೆ

ಮಾರ್ಚ್ ೯, ಸೋಮವಾರ
(ಅಂಗಡಿಗೆ ರಜೆ)

ಪ್ರೀತಿಯ ಪುಟ್ಟಿಗೆ,

ಎಲ್ಲರೂ ಕ್ಷೇಮ ಎಂದು ಬರೆಯಹೊರಟೆ, ಸುಳ್ಳಾಗುತ್ತದೆಂದು ಬಿಟ್ಟೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ತಡವಾಯಿತು, ಬೈಯಬೇಡ. ನೀನು ಅದರಲ್ಲಿ ನನ್ನ ಸೊಂಟನೋವು ವಿಚಾರಿಸಿದ್ದೆ, ಅಂಗಡಿಯ ತಕ್ಕಡಿ ರಿಪೇರಿಯಾಯಿತಾ ಎಂದೂ ಕೇಳಿದ್ದೆ. ಅಪ್ಪನ ಬಗ್ಗೆ ಒಂದಕ್ಷರವಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ತಕ್ಕಡಿ ರಿಪೇರಿಯಾಗಿದೆ.

ನಿನ್ನ ನಾಯಿಮರಿ ಮಸಿ ಸತ್ತು ಎಂಟು ತಿಂಗಳು. ನರ್ಸ್ ತರಬೇತಿಗೆ ಹೊರಟವಳು ಎರಡು ತಿಂಗಳ ಆ ಮರಿಯನ್ನು ನನ್ನ ಮಡಿಲಿಗೆ ಹಾಕಿ, "ಅಕ್ಕ ನೋಡ್ಕೋತಾಳೆ ಬಿಡು" ಎಂದು ಬಸ್ಸು ಹತ್ತಿದೆ. ಮರೆವು ಹತ್ತಿದ ಅಪ್ಪನನ್ನೂ ಅಕ್ಕ ನೋಡಿಕೊಳ್ಳುತ್ತಾಳೆ, ಮಾಂಸದ ಅಂಗಡಿಯನ್ನೂ ಅಕ್ಕನೇ ನೋಡಿಕೊಳ್ಳುತ್ತಾಳೆ. ಅಕ್ಕನನ್ನು ಏನು ಕಬ್ಬಿಣದಲ್ಲಿ ಮಾಡಿದ್ದಾರೆಯೇ? ಹೋಗಲಿ, ಇದನ್ನು ಬರೆಯಲು ಕೂತಿದ್ದಲ್ಲ.

ಅಪ್ಪ ಈಗ ಕತ್ತಿ ಮುಟ್ಟುವುದಿಲ್ಲ. ಗುಬ್ಬಿಗೆ ಕಾಳು ಹಾಕಲೂ ಹೆದರುತ್ತಾರೆ. ಅವರ ಎರಡು ಬಕೆಟ್ಟು ಮಾತ್ರ ಇದ್ದಲ್ಲೇ ಇವೆ. ನಾಯಿ ಸಾಕಿದವರು ಕೇಳಿದರೆ ಕೊಡುವ ಹಸಿ ಮೂಳೆಗೆ ನೀಲಿಯದು. ನಮ್ಮ ಅಡುಗೆಮನೆಯ ಬೆಂದ ಮೂಳೆಗೆ ಕೆಂಪಿನದು, ಅದಕ್ಕೆ ಮುಚ್ಚಳ, ಮುಚ್ಚಳದ ಮೇಲೊಂದು ಕಲ್ಲು. ನಾವು ಹುಟ್ಟುವ ಮೊದಲಿಂದಲೂ ಇದೇ ಪದ್ಧತಿ.

ಹೋದ ವಾರ ಎದುರು ಸಾಲಿನ ಟೈಲರಮ್ಮ ಚೀಲದಲ್ಲಿ ಹೊಸ ಮರಿ ಹಾಕಿಕೊಂಡು ಬಂದು, "ಯಜಮಾನ್ರೇ, ಇದಕ್ಕೆ ಮೂಳೆ ಹಾಕ್ಬಹುದಾ?" ಎಂದು ಕೇಳಿದರು. ಊಟ ಮಾಡಿದ್ದೇನೋ ಇಲ್ಲವೋ ಎಂಬುದು ನೆನಪಿಲ್ಲದ ನಮ್ಮಪ್ಪ ಒಂದು ಕಡೆಯೂ ತಡವರಿಸಲಿಲ್ಲ. "ಬೆಂದಿದ್ದು ಯಾವತ್ತೂ ಬೇಡಮ್ಮ. ಅದು ಸೀಳಿ ಸೂಜಿ ಥರ ಆಗುತ್ತೆ, ಕರುಳಿಗೆ ಚುಚ್ಚುತ್ತೆ. ಬೆಂದ ಕೋಳಿಮೂಳೆಯಂತೂ ಮೂಸೋಕೂ ಬಿಡ್ಬೇಡಿ. ಹಾಲುಹಲ್ಲು ಬಿದ್ದು ಹೊಸದು ಬರೋವರೆಗೂ ಗಟ್ಟಿ ಮೂಳೆ ಬೇಡ. ಆಮೇಲೂ ಹಸಿ ಮೂಳೆನೇ ಆಗ್ಬೇಕು, ಅದರ ಬಾಯಿಗಿಂತ ದೊಡ್ಡದಿರ್ಬೇಕು, ನೀವು ಪಕ್ಕದಲ್ಲೇ ಕೂತಿರ್ಬೇಕು. ಯಾವುದಕ್ಕೂ ಡಾಕ್ಟರನ್ನ ಒಂದ್ಸಲ ಕೇಳಿ."

"ಎಷ್ಟು ಚೆನ್ನಾಗಿ ಹೇಳಿದ್ರಿ" ಎಂದರು ಆಕೆ.

ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು. "ನನ್ನ ಮಾತು ನಂಬ್ಕೋಬೇಡಿ. ನಾನು ಮಗಳ ನಾಯಿಮರಿ ಕೊಂದೋನು" ಎಂದರು. ಟೈಲರಮ್ಮ ಮರಿಯನ್ನು ಎದೆಗವಚಿಕೊಂಡು ಏನೂ ಕೊಳ್ಳದೆ ಹೋದರು.

ನೀನು ಫೋನಿನಲ್ಲಿ ಅಪ್ಪನಿಗೆ "ಇನ್ನು ನಿಮ್ಮ ಮುಖ ನೋಡಲ್ಲ" ಎಂದೆಯಲ್ಲ, ಎಲ್ಲ ಮರೆತವರಿಗೆ ಅದೊಂದು ಮರೆತಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ಲಿನ ಬೆಲ್ಲು ಕೇಳಿದರೆ ಸಾಕು, "ಚಿಕ್ಕೋಳು ನಂಗೇನಾದ್ರೂ ಬರೆದಿದ್ದಾಳಾ?" ಎಂದು ಬಾಗಿಲಿಗೆ ಬರುತ್ತಾರೆ. ಡಾಕ್ಟರು ಹೇಳಿದರು, ಇನ್ನು ಆರು ತಿಂಗಳಾದರೆ ನಮ್ಮ ಮುಖವೂ ಗುರುತು ಸಿಗುವುದು ಕಷ್ಟವಂತೆ. ಅಷ್ಟರೊಳಗೆ ಒಂದು ಸಲ ಬಾ. ಕಂಡವರ ಗಾಯ ತೊಳೆಯುವ ಕೆಲಸ ಕಲಿಯುತ್ತಿದ್ದೀಯ, ಹೆತ್ತಪ್ಪನಿಗೆ ಒಂದು ಮಾತು ಹೇಳಲು ನಿನಗೇನು ಧಾಡಿ?

ಪರೀಕ್ಷೆ ಚೆನ್ನಾಗಿ ಬರೆ. ನಿನ್ನ ಕೈಗುಣ ಒಳ್ಳೆಯದಾಗಲಿ, ನಾಲ್ಕು ಜನ ನಿನ್ನಿಂದ ಬದುಕಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ತೆಗೆದೆ. ಮೂಳೆ ಹಾಕಿದವಳು ನಾನು, ಪುಟ್ಟಿ. ಅವತ್ತು ಅಂಗಡಿ ತುಂಬ ಜನ. ಅಪ್ಪ ನಲ್ಲಿ ತಿರುಗಿಸಿ ಮರೆತು ಮನೆಯೆಲ್ಲ ನೀರು. ಅದನ್ನೆಲ್ಲ ಬಳಿದು ಮೂರು ಗಂಟೆಗೆ ತಟ್ಟೆ ಮುಂದೆ ಕೂತರೆ ನಿನ್ನ ಮಸಿ ನನ್ನ ಬಟ್ಟೆ ಹಿಡಿದು ಎಳೆಯುತ್ತಿತ್ತು. ಕೆಂಪು ಬಕೆಟ್ಟಿಗೆ ಹೋಗಬೇಕಾಗಿದ್ದ ಕೋಳಿಕಾಲಿನ ಮೂಳೆಯನ್ನು ಅದರ ಮುಂದೆ ಬಿಸಾಡಿ, "ತಗೋ, ತಿಂದು ಸಾಯಿ" ಎಂದೆ. ನನಗೆ ಗೊತ್ತಿರಲಿಲ್ಲ ಎನ್ನಲು ಬಾಯಿಲ್ಲ, ನಾನೂ ಆ ಅಂಗಡಿಯಲ್ಲೇ ಬೆಳೆದವಳು. ಮಾರನೆಯ ದಿನ ನಾಯಿ ಡಾಕ್ಟರು ಎಕ್ಸ್‌ರೇ ತೋರಿಸಿದಾಗ ಅಪ್ಪ ನನ್ನ ಕಡೆ ತಿರುಗಿ, "ನಾನೇ ಹಾಕಿದ್ನೇನಮ್ಮಾ? ನಂಗೆ ನೆನಪೇ ಇಲ್ವಲ್ಲ" ಎಂದರು. ನಾನು ಇಲ್ಲ ಎನ್ನಲಿಲ್ಲ. ನೀನು ಫೋನಿನಲ್ಲಿ ಕಿರುಚಿದಾಗಲೂ ಎನ್ನಲಿಲ್ಲ.

ನಿನ್ನೆ ಅವರ ಕಾಲ ಬಳಿ ಕೂತು ಎಲ್ಲ ಹೇಳಿಬಿಟ್ಟೆ. ನನ್ನ ತಲೆ ಸವರಿ, "ನನ್ನ ತಪ್ಪನ್ನ ನೀನ್ಯಾಕೆ ಮೈಮೇಲೆ ಹಾಕ್ಕೋತೀಯೇ, ಹುಚ್ಚಿ" ಎಂದರು. ನಾನು ಹೇಳಿದರೆ ಅವರು ನಂಬುವುದಿಲ್ಲ. ನೀನು ಹೇಳಿದರೆ ನಂಬುತ್ತಾರೆ. ಹಿಂದಿನ ಬಾಗಿಲಿಂದ ಬಾ. ನಾನು ಅಂಗಡಿಯಲ್ಲೇ ಇರುತ್ತೇನೆ, ನನ್ನ ಮುಖ ನೀನು ನೋಡಬೇಕಾಗಿಲ್ಲ.