ಅಪ್ಪನ ಎಡೆಯ ತೀರ್ಥ

ಯಂಕಂಚಿ
18 ಅಕ್ಟೋಬರ್ 2024

ನನ್ನ ಮಗಳು ಭಾಗ್ಯಾಗೆ, ನಿನ್ನ ಅವ್ವ ಮಾಡುವ ಆಶೀರ್ವಾದ.

ಹದಿನೈದು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ಇದನ್ನು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಅಂಗನವಾಡಿಯ ಮಕ್ಕಳು ಉಂಡು ಮಲಗಿವೆ, ಕೆಲಸದ ನಡುವೆ ಇಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನ ಗಂಡ ಕಾಂತು ಮತ್ತೆ ಕುಡಿಯತೊಡಗಿದ್ದಾನೆಂದು ನಿನ್ನ ತಮ್ಮ ಸಂಗು ನಿಮ್ಮೂರು ಇಂಡಿಗೆ ಹೋಗಿ ಬಂದು ಹೇಳಿದ. ನಿಂಬೆಹಣ್ಣಿನ ಗಾಡಿ ಓಡಿಸುವ ಕೆಲಸವೂ ಹೋಯಿತಂತೆ. ಇದಕ್ಕೆ ನಾನೇ ಕಾರಣ.

ಎಂಟು ತಿಂಗಳು ಕಾಂತು ಅದನ್ನು ಮೂಸಿಯೂ ನೋಡಿರಲಿಲ್ಲ. ಹಿರಿಯರ ಅಮಾವಾಸ್ಯೆಗೆ ಬರುವ ಮುಂಚೆ ನೀನು ಕಡ್ಡಿ ಮುರಿದಂತೆ ಹೇಳಿದ್ದೆ, "ಅವ್ವಾ, ಈ ಸಲ ಅಪ್ಪನ ಎಡಿಗೆ ಬಾಟ್ಲಿ ಇಡಬ್ಯಾಡ" ಎಂದು. ಹೂಂ ಅಂದೆ, ಆದರೂ ಇಟ್ಟೆ. ಸತ್ತವನಿಗೆ ಬೇಕಾದದ್ದನ್ನು ಇಡದಿದ್ದರೆ ಮಂದಿ ಏನಂದಾರು ಎಂಬುದೇ ನನಗೆ ದೊಡ್ಡದಾಯಿತು.

ಪೂಜೆಯಾದ ಮೇಲೆ ಎಲ್ಲರ ಅಂಗೈಗೂ ಆ ಬಾಟಲಿಯಿಂದ ಮೂರು ಮೂರು ಹನಿ ತೀರ್ಥದಂತೆ ಹಾಕುತ್ತ ಬಂದೆ. ಕಾಂತು ಕೈ ಹಿಂದೆ ಕಟ್ಟಿಕೊಂಡು, "ಅತ್ತಿ, ನನಗ ಒಂದ್ ಹನಿನೂ ಬ್ಯಾಡ್ರಿ" ಅಂದ. "ಹಿರ್ಯಾರಿಗೆ ಒಲ್ಲೆ ಅನ್ನಬಾರ್ದಪಾ, ಇದೇನ್ ಕುಡಿಯೂದಲ್ಲ" ಎಂದು ಅವನ ಕೈ ಎಳೆದು ಹಾಕಿದೆ. ನನ್ನ ತಮ್ಮನ ಮಗನೆಂದು ಅವನನ್ನು ಎತ್ತಿ ಆಡಿಸಿದ್ದು ನನ್ನ ಇದೇ ಕೈ. ಅದು ನಡುಗಿ, ಮೂರು ಹನಿಯ ಬದಲು ಅವನ ಅಂಗೈ ತುಂಬಿತು. ಕೂತವರು ನಕ್ಕರು, ನಾನೂ ನಕ್ಕೆ. ನೀನು ಒಳಗೆ ಹೋಳಿಗೆ ಲಟ್ಟಿಸುತ್ತಿದ್ದೆ. ಊಟಕ್ಕೆ ಕರೆದಾಗ ಕಾಂತುವೂ ಇರಲಿಲ್ಲ, ಎಡೆಯ ಮುಂದಿನ ಬಾಟಲಿಯೂ ಇರಲಿಲ್ಲ.

ನಮ್ಮ ಮನೆತನದಲ್ಲಿ ಗಟಾರದಲ್ಲಿ ಬಿದ್ದವನು ಮಾತ್ರ ಕುಡುಕ. ಕುರಿ ಕಾಯ್ದು ಬಂದು ದಿನಾ ಕುಡಿದು, ಉಂಡು ಮಲಗುವವನು ಮರ್ಯಾದಸ್ಥ. ಕಾಂತು ಕುಡಿತ ಬಿಡಲು ವಿಜಯಪುರದ ಕೇಂದ್ರಕ್ಕೆ ಸೇರಿದಾಗ ಓಣಿಯಲ್ಲಿ ಕಾಮಾಲೆ ಎಂದು ಹೇಳಿದ್ದೆ. ನಿಮ್ಮಪ್ಪ ಸತ್ತಾಗಲೂ ಕಾಮಾಲೆ ಎಂದೇ ಹೇಳಿದ್ದು. ಕುಡಿತದಿಂದಲೇ ಸತ್ತನೆಂದು ಡಾಕ್ಟರು ನಿಜ ಹೇಳಿದ್ದರು, ಅವರ ಮೇಲೇ ಸಿಟ್ಟು ಮಾಡಿದ್ದೆ.

ಯಾವ ಮುಖ ಹೊತ್ತು ನಿನ್ನ ಬಾಗಿಲಿಗೆ ಬರಲಿ? ನಾಚಿಕೆಯಿಂದ ಸಾಯುವಂತಾಗಿದೆ. ಕಾಂತುಗೆ ಈ ಪತ್ರ ಓದಿ ಹೇಳು. ಅವನು ಮತ್ತೆ ಕೇಂದ್ರಕ್ಕೆ ಹೋಗುವುದಾದರೆ, ಈ ಸಲ ಓಣಿಯಲ್ಲಿ ನಾನು ಕಾಮಾಲೆ ಎನ್ನುವುದಿಲ್ಲ.

ನಿನ್ನ ಅವ್ವ,
ಸಾತವ್ವ

ತಾ.ಕ.: ಅಮಾವಾಸ್ಯೆಯ ಬೆಳಿಗ್ಗೆ ಸಂಗುನ ಕೈಯಲ್ಲಿ ಬಾಟಲಿ ತರಿಸಿದೆ ಎಂದು ನಿನಗೆ ಹೇಳಿದ್ದು ಸುಳ್ಳು. ಅವತ್ತು ಗಾಂಧಿ ಜಯಂತಿ, ಅಂಗಡಿಗಳೆಲ್ಲ ಬಂದ್ ಇದ್ದವು. ಅದು ಜೋಳದ ಚೀಲದಲ್ಲಿ ಮೊದಲೇ ಇತ್ತು. ಮೊಣಕಾಲು ನೋವಿಗೆಂದು ದಿನಾ ಸಂಜೆ ಎರಡು ಮುಚ್ಚಳ ತೆಗೆದುಕೊಳ್ಳುತ್ತಿದ್ದೆ. ಈಗ ಮುಚ್ಚಳದಲ್ಲಿ ಅಳೆಯುವುದಿಲ್ಲ. ಆ ಕೇಂದ್ರದಲ್ಲಿ ಹೆಂಗಸರನ್ನು ಸೇರಿಸಿಕೊಳ್ಳುತ್ತಾರೇನು, ಕಾಂತುನನ್ನು ಕೇಳಿ ತಿಳಿಸು.