ಗೆಣಸಿನ ರಂಗಪ್ರವೇಶ

ನಮ್ಮ ಮನೆ, ಅಡುಗೆಕೋಣೆಯ ಮೇಜು
ಶನಿವಾರ, ಇಳಿಹೊತ್ತು

ನನ್ನ ಮನೆಯೊಡತಿಗೆ,

ನೆರೆದಿರುವ ಸಮಸ್ತ ಸಭಿಕರೇ! ಅಂದರೆ, ದಿಂಬಿಗೊರಗಿ ಕುಳಿತಿರುವ ನೀನೇ, ನಿನ್ನ ಭುಜದ ಮೇಲಿಂದ ಈ ಕಾಗದದೊಳಗೆ ಇಣುಕುತ್ತಿರುವ ನಿನ್ನ ತಂಗಿಯೇ, ಏನೂ ಕೇಳಿಸದವನಂತೆ ಪೇಪರ್ ಹಿಡಿದು ಕುಳಿತ ನನ್ನ ಷಡ್ಡಕನೇ! ಗದ್ದಲ ಮಾಡದೆ ಕೇಳುವಂಥವರಾಗಿ! ಮೊದಲು ನಿನ್ನ ಕ್ಷೇಮ. ಮುರಿದ ಬಲಗೈ ಮಣಿಕಟ್ಟಿನ ನೋವು ಇಳಿಯಿತೇ? ಪ್ಲಾಸ್ಟರಿನೊಳಗೆ ತುರಿಸುತ್ತಿದೆಯೇ? ಹೆಣಿಗೆಯ ಕಡ್ಡಿ ತೂರಿಸಬೇಡ, ಡಾಕ್ಟರು ಬೈಯುತ್ತಾರೆ. ನಾನು ಆರೋಗ್ಯ; ನನ್ನ ಗಂಟಲು ನನಗಿಂತ ಆರೋಗ್ಯ. ಫೋನಿನಲ್ಲಿ ನಾನು ಪಿಸುಗುಟ್ಟಿದರೂ ಇಡೀ ಬೀದಿಗೆ ಕೇಳುತ್ತದೆ ಅಂತೀಯಲ್ಲ, ಅದಕ್ಕೇ ಈ ಕಾಗದ.

ಮೊನ್ನೆ ನಿನ್ನ ತಂಗಿ ಫೋನು ಮಾಡಿ ಅತ್ತೇಬಿಟ್ಟಳು. "ಭಾವಾ, ಅಕ್ಕಂಗೆ ಊಟಾನೇ ಸೇರ್ತಿಲ್ಲ. ನಾನು ಕಲಸಿ ತುತ್ತು ಕೊಟ್ರೆ ಎರಡು ತಿಂದು ಮುಖ ತಿರುಗಿಸ್ತಾಳೆ. ಹೀಗಾದ್ರೆ ಮೂಳೆ ಕೂಡೋದು ಹೇಗೆ? ಮನೆಗೆ ಕಳಿಸೋಣ ಅಂದ್ರೆ, ನೀವು ನೀರು ಕಾಯಿಸಿದ್ರೂ ತಳ ಹಿಡಿಸೋರು!" ಆಹಾ, ಎಂಥ ಮಾತು! ನಾಟಕದ ರಟ್ಟಿನ ಕೋಟೆಗಳನ್ನು ಒಂದೇ ಕೂಗಿಗೆ ಕೆಡವಿದ ಈ ವೀರನಿಗೆ ಇಂಥ ಬಿರುದೇ? ಎದ್ದೆ. ಶಲ್ಯ ಹೆಗಲಿಗೇರಿಸಿದೆ. ಮಾರುಕಟ್ಟೆಗೆ ನುಗ್ಗಿ ಕೆಂಪು ಸಿಪ್ಪೆಯ ಗೆಣಸನ್ನೂ ಒಂದು ಗಟ್ಟಿ ಚೀಸನ್ನೂ ಸೆರೆಹಿಡಿದು ತಂದೆ.

ಓವನ್ನು ಮೇಲಿನ ಮನೆಯ ಟೀಚರದ್ದು. ಉಪಾಯವೂ ಅವರದ್ದೇ. ಗೆಣಸಿನ ಮಣ್ಣನ್ನು ಉಜ್ಜಿ ತೊಳೆದು, ಮುಳ್ಳುಚಮಚದಿಂದ ಅಲ್ಲಲ್ಲಿ ಚುಚ್ಚಿ, ಸಿಪ್ಪೆಸಮೇತ ಒಳಗಿಟ್ಟೆ. ಆಮೇಲೆ ಶುರುವಾಯಿತು ನನ್ನ ಚಟ. ನಿನಗೆ ಗೊತ್ತಲ್ಲ, ನಾಟಕಕ್ಕೆ ಮುಂಚೆ ಜನ ಎಷ್ಟು ಸೇರಿದ್ದಾರೆಂದು ಪರದೆಯ ಸಂದಿಯಲ್ಲಿ ಇಣುಕದಿದ್ದರೆ ನನಗೆ ಬಣ್ಣವೇ ಹತ್ತುತ್ತಿರಲಿಲ್ಲ. ಹಾಗೇ ಓವನ್ನಿನ ಬಾಗಿಲು ತೆಗೆದೆ, ನೋಡಿದೆ, ಮುಚ್ಚಿದೆ, ಮತ್ತೆ ತೆಗೆದೆ. ಗೆಣಸು ಕಲ್ಲಿನಂತೆ ಕೂತಿತ್ತು. ಟೀಚರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಅಂಕಲ್, ಗಳಿಗೆಗೊಂದ್ಸಲ ಬಾಗಿಲು ತೆಗೆದ್ರೆ ಬಿಸಿಯೆಲ್ಲ ಆಚೆ ಹೋಗತ್ತೆ. ಅದು ಒಳಗೆ ವೇಷ ಹಾಕ್ಕೊಳ್ತಿದೆ, ಸ್ವಲ್ಪ ಮರ್ಯಾದೆ ಕೊಡಿ!" ಸಭಿಕರೇ, ಕೈಕಟ್ಟಿ ಕುಳಿತೆ. ಪರದೆ ಎತ್ತದೆ ಕುಳಿತೆ! ಬದುಕಿನಲ್ಲಿ ಇದೇ ಮೊದಲು.

ಕೊನೆಗೆ ಬಾಗಿಲು ತೆಗೆದರೆ, ಚಾಕು ಬೆಣ್ಣೆಗಿಳಿದಂತೆ ಗೆಣಸಿಗಿಳಿಯಿತು. ತಿರುಳನ್ನು ತೋಡಿ, ಬೆಣ್ಣೆ, ಉಪ್ಪು, ಕರಿಮೆಣಸಿನ ಪುಡಿ, ಒಂದಿಷ್ಟು ಚೀಸು ಹಾಕಿ ಕಿವುಚಿ, ಸಿಪ್ಪೆಯೊಳಗೇ ತುಂಬಿ, ಮೇಲೆ ಇನ್ನಷ್ಟು ತುರಿದು ಮತ್ತೆ ಒಳಗಿಟ್ಟೆ. ಚೀಸು ಕರಗಿ, ಉಬ್ಬಿ, ಅಂಚಿನಲ್ಲಿ ಕಂದಾಗಿ ಕಿರೀಟ ತೊಟ್ಟು ಬಂದಿತು ನೋಡು! ಸಿಹಿಯೂ ಉಪ್ಪೂ ಒಂದೇ ಬಾಯಿಗೆ. ಟೀಚರು ತಿಂದು, ಇನ್ನೊಮ್ಮೆ ಬಡಿಸಿಕೊಂಡರು. ಅವರು ಈಗ ನಿಮ್ಮ ಕಡೆಗೇ ಹೊರಟಿದ್ದಾರೆ. ಕಾಗದ ಅವರ ಕೈಲಿ ಕಳಿಸುತ್ತಿದ್ದೇನೆ. ನಿನ್ನ ತಂಗಿಗೆ ನನ್ನ ಆಶೀರ್ವಾದ, ಷಡ್ಡಕನಿಗೆ ನಮಸ್ಕಾರ, ನಿನಗೆ ಎರಡೂ.

ಇಂತಿ,
ನಿನ್ನ ದೊಡ್ಡಗಂಟಲು

ಮರೆತ ಮಾತು: ಇದನ್ನು ನೀನೊಬ್ಬಳೇ ಓದು, ತಂಗಿಗೆ ತೋರಿಸಬೇಡ. ಟೀಚರು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ನಿನಗೆ ಸೇರದಿರುವುದು ಊಟವಲ್ಲ, ಇನ್ನೊಬ್ಬರು ಕೊಡುವ ತುತ್ತು. ಎಲ್ಲರಿಗೂ ಬಡಿಸಿದವಳು ಬಾಯಿ ತೆರೆದು ಕಾಯಬೇಕೆಂದರೆ ನಿನ್ನಿಂದಾಗದು, ನನಗೆ ಗೊತ್ತು ಮಾರಾಯ್ತಿ. ಅದಕ್ಕೇ ನಿನ್ನ ಹಳೇ ಶಾಲಿನಲ್ಲಿ ನನ್ನ ಬಲಗೈ ಕಟ್ಟಿಸಿಕೊಂಡು, ಎಡಗೈಯಲ್ಲಿ ಚಮಚ ಹಿಡಿದು ತಿಂದು ನೋಡಿದೆ. ಸಿಪ್ಪೆಯೊಳಗೇ ತುಂಬಿಟ್ಟದ್ದು ತಟ್ಟೆಯಿಡೀ ಜಾರಿ ಓಡಿತು, ಚೀಸೆಲ್ಲ ಮೀಸೆಗೆ. ಆಮೇಲೆ ತಿರುಳನ್ನು ಭಾರದ ಪಿಂಗಾಣಿ ಬಟ್ಟಲಿಗೆ ಹಾಕಿ, ಅದರಡಿಗೆ ಒದ್ದೆ ಬಟ್ಟೆ ಇಟ್ಟೆ. ಅಲುಗಲಿಲ್ಲ. ಒಂದು ಚೂರೂ ಚೆಲ್ಲಲಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಎರಡು ಬಟ್ಟಲು, ಎರಡು ಚಮಚ ಹಿಡಿದು ಬರುತ್ತೇನೆ. ಕೋಣೆಯ ಬಾಗಿಲು ಮುಂದೆ ಮಾಡಿ, ನಿನ್ನೆದುರು ಕೂತು, ಒಂದು ಮಾತೂ ಆಡದೆ, ನಾನೂ ಎಡಗೈಯಲ್ಲೇ ತಿನ್ನುತ್ತೇನೆ.